ಸರ್ಕಾರವೇ ಇಲ್ಲದೆ ಸಮಾಜ ನಡೆದೀತೆ?

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಈಚೆಗೆ ಅವನಿಗೆ ಸರ್ಕಾರವೇ ಬೇಡ ಅನ್ನಿಸಿಬಿಟ್ಟಿದೆ. ಪೊಲೀಸು, ಕೋರ್ಟು, ತೆರಿಗೆ ಯಾವುದೂ ಇಲ್ಲದೆ ಜನ ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡು ಬದುಕಬಹುದು ಎಂದು ವಾದಿಸುತ್ತಾನೆ. ಪಹಣಿಯಲ್ಲಿ ಒಂದು ಹೆಸರು ತಿದ್ದಿಸಲು ಕಚೇರಿಗೆ ಅಲೆದು ಸಾಕಾಗಿರುವ ನನಗೂ ಅವನ ಮಾತು ಪೂರ್ತಿ ತಪ್ಪೆನಿಸುವುದಿಲ್ಲ. ಆದರೆ ಭಯವೂ ಆಗುತ್ತದೆ. ಇಂಥ ಸಮಾಜ ಎಲ್ಲಾದರೂ ನಿಜವಾಗಿ ಇತ್ತೆ? ಇದ್ದರೆ ಎಷ್ಟು ಕಾಲ ಬಾಳಿತು? ಅವನಿಗೆ ನಾನು ಏನು ಹೇಳಲಿ?

ಉತ್ತರ: ಇತ್ತು. ಹಲವು ಕಡೆ ಇತ್ತು, ಕೆಲವು ಕಡೆ ತಲೆಮಾರುಗಟ್ಟಲೆ ಬಾಳಿತು. ಹಾಗಾಗಿ ಸರ್ಕಾರ ಇಲ್ಲದಿದ್ದರೆ ಮರುದಿನವೇ ಜನ ಕಡಿದಾಡಿ ಸಾಯುತ್ತಾರೆ ಎಂದು ಮಗನಿಗೆ ಹೇಳಬೇಡಿ, ಅದು ಚರಿತ್ರೆಗೆ ಒಪ್ಪುವ ಮಾತಲ್ಲ. ದಂಡ ಹಿಡಿದ ರಾಜನಿಲ್ಲದಿದ್ದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗುತ್ತದೆ ಎಂಬ ಮತ್ಸ್ಯನ್ಯಾಯದ ಮಾತು ನಮ್ಮಲ್ಲಿ ಬಹಳ ಹಳೆಯದು. ಅದರಲ್ಲಿ ಸತ್ಯವಿದೆ, ಆದರೆ ಪೂರ್ತಿ ಸತ್ಯವಿಲ್ಲ.

ಸರ್ಕಾರವಿಲ್ಲದ ಸಮಾಜ ಬೇರೆ, ಅಧಿಕಾರವೇ ಇಲ್ಲದ ಸಮಾಜ ಬೇರೆ. ಮೊದಲನೆಯದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಎರಡನೆಯದಕ್ಕೆ ನಾನು ಓದಿದ ಚರಿತ್ರೆಯಲ್ಲಿ ಒಂದೂ ಸಿಕ್ಕಿಲ್ಲ. ಸರ್ಕಾರ ಎದ್ದುಹೋದ ಕಡೆ ಅದರ ಕೈಲಿದ್ದ ಅಧಿಕಾರ ಮನೆತನಕ್ಕೆ, ಕುಲಕ್ಕೆ, ಆಸ್ತಿಗೆ, ತೋಳ್ಬಲಕ್ಕೆ ಹಂಚಿಹೋಗುತ್ತದೆ. ಹಿಂದೆಮುಂದೆ ಯಾರೂ ಇಲ್ಲದ ಮನುಷ್ಯನಿಗೆ ಆ ಹಂಚಿಕೆಯಲ್ಲಿ ಏನು ಸಿಕ್ಕಿತು ಎಂದು ನೋಡಿಯೇ ನಾನು ಇಂಥ ಸಮಾಜಗಳನ್ನು ತೂಗುತ್ತೇನೆ.

ಐಸ್‌ಲ್ಯಾಂಡಿನಿಂದ ಶುರು ಮಾಡೋಣ. 870ರ ಆಸುಪಾಸಿನಿಂದ ನಾರ್ವೆಯ ಜನ, ಜೊತೆಗೆ ಬ್ರಿಟನ್, ಐರ್ಲೆಂಡ್ ಕಡೆಯಿಂದ ಬಂದವರು, ಆ ದ್ವೀಪದಲ್ಲಿ ಬೀಡುಬಿಟ್ಟರು. ಬಂದವರಲ್ಲಿ ಅನೇಕರಿಗೆ ರಾಜನ ಸಹವಾಸ ಸಾಕಾಗಿತ್ತು. 930ರಲ್ಲಿ ಥಿಂಗ್‌ವೆಲ್ಲಿರ್ ಎಂಬ ಬಯಲಿನಲ್ಲಿ ಇಡೀ ದ್ವೀಪಕ್ಕೆ ಸೇರಿದ ಸಭೆಯೊಂದನ್ನು ಕಟ್ಟಿದರು. ಅದರ ಹೆಸರು ಆಲ್ಥಿಂಗ್. ಪ್ರತಿ ಬೇಸಿಗೆಯಲ್ಲಿ ಸುಮಾರು ಎರಡು ವಾರ ಅಲ್ಲಿ ಜನ ಸೇರುತ್ತಿದ್ದರು. ಕಾನೂನು ಮಾಡುವುದು, ವ್ಯಾಜ್ಯ ತೀರಿಸುವುದು, ಮದುವೆಯ ಮಾತುಕತೆ, ವ್ಯಾಪಾರ ಎಲ್ಲವೂ ಅಲ್ಲೇ ಆಗುತ್ತಿದ್ದವು. ಸಭೆ ಮುಗಿದರೆ ಮುಗಿಯಿತು, ಉಳಿದ ಐವತ್ತು ವಾರ ದೇಶಕ್ಕೆ ಕೇಂದ್ರವೆಂಬುದೇ ಇರಲಿಲ್ಲ. ರಾಜನಿಲ್ಲ, ಸೈನ್ಯವಿಲ್ಲ, ಪೊಲೀಸಿಲ್ಲ, ಸೆರೆಮನೆಯಿಲ್ಲ.

ಇಡೀ ವ್ಯವಸ್ಥೆಗೆ ಒಬ್ಬನೇ ಒಬ್ಬ ಹುದ್ದೆದಾರನಿದ್ದ. ಅವನ ಕೆಲಸ ಕಾನೂನನ್ನು ಬಾಯಿಪಾಠ ಹೇಳುವುದು. ಮೂರು ವರ್ಷಕ್ಕೆಂದು ಅವನನ್ನು ಆರಿಸುತ್ತಿದ್ದರು. ವರ್ಷಕ್ಕೆ ಮೂರನೇ ಒಂದು ಭಾಗದಂತೆ, ತನ್ನ ಅವಧಿ ಮುಗಿಯುವಷ್ಟರಲ್ಲಿ ಇಡೀ ಕಾನೂನನ್ನು ಅವನು ಬಂಡೆಯ ಮೇಲೆ ನಿಂತು ಎಲ್ಲರ ಕಿವಿಗೂ ಬೀಳುವಂತೆ ಹೇಳಬೇಕಿತ್ತು. 1117-18ರ ಚಳಿಗಾಲದಲ್ಲಿ ಬರೆದಿಡಲು ಶುರು ಮಾಡುವವರೆಗೂ ಆ ದೇಶದ ಕಾನೂನು ಇದ್ದದ್ದು ನೆನಪಿನಲ್ಲಿ, ಬಾಯಲ್ಲಿ. ಅವನಿಗೆ ಕಾನೂನು ಹೇಳುವ ಹಕ್ಕಿತ್ತೇ ಹೊರತು ಯಾರಿಗೂ ಅಪ್ಪಣೆ ಕೊಡುವ ಹಕ್ಕಿರಲಿಲ್ಲ.

ಹಾಗಾದರೆ ಕೊಲೆಯಾದಾಗ ಏನು ಮಾಡುತ್ತಿದ್ದರು? ಕೊಂದವನು ತಾನೇ ಹೋಗಿ ಹತ್ತಿರದ ಮನೆಯಲ್ಲಿ ಇಂಥವನನ್ನು ಕೊಂದೆ ಎಂದು ಹೇಳಬೇಕಿತ್ತು. ಹೇಳದೆ ಮುಚ್ಚಿಟ್ಟರೆ ಅದು ಇನ್ನೂ ಹೀನ ಅಪರಾಧ. ಸತ್ತವನ ಕಡೆಯವರು ದಾವೆ ಹೂಡುತ್ತಿದ್ದರು. ಎಷ್ಟೋ ಬಾರಿ ನಡುವೆ ಹಿರಿಯರು ಬಂದು ರಾಜಿ ಮಾಡಿಸಿ, ಬೆಳ್ಳಿಯ ಲೆಕ್ಕದಲ್ಲೋ ಉಣ್ಣೆ ಬಟ್ಟೆಯ ಲೆಕ್ಕದಲ್ಲೋ ಪರಿಹಾರ ಕೊಡಿಸುತ್ತಿದ್ದರು. ರಾಜಿಗೆ ಬಾರದವನ ಮೇಲೆ ಬಹಿಷ್ಕಾರದ ತೀರ್ಪು. ಸಣ್ಣ ಬಹಿಷ್ಕಾರವೆಂದರೆ ಮೂರು ವರ್ಷ ದೇಶ ಬಿಡಬೇಕು. ಪೂರ್ಣ ಬಹಿಷ್ಕಾರವಾದರೆ ಆಸ್ತಿ ಹೋಯಿತು, ಅವನಿಗೆ ಅನ್ನ ನೆರಳು ಕೊಟ್ಟವರೂ ಅಪರಾಧಿಗಳು, ಯಾರು ಅವನನ್ನು ಕೊಂದರೂ ಕೇಳುವವರಿಲ್ಲ. ಈ ತೀರ್ಪನ್ನು ಜಾರಿ ಮಾಡುವವರು ಯಾರು? ಗೆದ್ದವರೇ. ಕೋರ್ಟಿನ ಕೆಲಸ ತೀರ್ಪಿಗೆ ಮುಗಿಯುತ್ತಿತ್ತು.

ಬಡವನೊಬ್ಬ ಬಲಾಢ್ಯನ ವಿರುದ್ಧ ಗೆದ್ದರೂ ಕೈಗೆ ಏನೂ ದಕ್ಕದು ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಅವರು ಕಂಡುಕೊಂಡ ದಾರಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ದಾವೆಯನ್ನು ಇನ್ನೊಬ್ಬರಿಗೆ ವಹಿಸಿಕೊಡಬಹುದಿತ್ತು. ಅಣ್ಣನನ್ನು ಕಳೆದುಕೊಂಡ ಸಣ್ಣ ರೈತ, ತನ್ನ ಹಕ್ಕನ್ನು ಬಲವಿದ್ದವನೊಬ್ಬನ ಕೈಗೆ ಒಪ್ಪಿಸಿದರೆ ಅವನು ಅದನ್ನು ತನ್ನದೇ ಎಂಬಂತೆ ನಡೆಸಿ, ವಸೂಲಾದುದರಲ್ಲಿ ಪಾಲು ಪಡೆಯುತ್ತಿದ್ದ. ಕೆಲವೊಮ್ಮೆ ಅವನು ಪೂರ್ತಿ ತಾನೇ ಇಟ್ಟುಕೊಂಡದ್ದೂ ಉಂಟು. ಹಾಗಾದರೂ ಕೊಂದವನು ತಪ್ಪಿಸಿಕೊಳ್ಳುವಂತಿರಲಿಲ್ಲ. ಬಡವನನ್ನು ಕೊಂದರೂ ಬೆಲೆ ತೆರಬೇಕಾಗುತ್ತದೆ ಎಂಬ ಅಳುಕು ಬಲಾಢ್ಯರಲ್ಲಿ ಇರುತ್ತಿತ್ತು.

ಈ ಬಲವಂತರೇ ಗೋದರ್ ಎಂದು ಕರೆಸಿಕೊಳ್ಳುತ್ತಿದ್ದ ಮುಖಂಡರು. ಮೊದಲಿಗೆ 36 ಮುಖಂಡತ್ವಗಳಿದ್ದವು, ಆಮೇಲೆ 39 ಆದವು. ಅವುಗಳನ್ನು ಮಾರಬಹುದಿತ್ತು, ಕೊಳ್ಳಬಹುದಿತ್ತು, ಮಕ್ಕಳಿಗೆ ಬಿಡಬಹುದಿತ್ತು, ಇಬ್ಬರು ಮೂವರು ಪಾಲುದಾರರಾಗಿಯೂ ಇಟ್ಟುಕೊಳ್ಳಬಹುದಿತ್ತು. ಮುಖ್ಯವಾದದ್ದು ಇಲ್ಲಿದೆ. ಸ್ವಂತ ಮನೆಮಾರಿದ್ದ ಪ್ರತಿಯೊಬ್ಬ ರೈತನೂ ಯಾರಾದರೊಬ್ಬ ಮುಖಂಡನ ಕಡೆಗೆ ಸೇರಬೇಕಿತ್ತು, ಆದರೆ ಯಾರ ಕಡೆಗೆ ಎಂಬುದು ರೈತನ ಇಷ್ಟ. ಮುಖಂಡನ ಜಮೀನಿನ ಪಕ್ಕದಲ್ಲೇ ವಾಸವಿದ್ದವನು ಕೂಡ ದೂರದ ಇನ್ನೊಬ್ಬನನ್ನು ನೆಚ್ಚಿಕೊಳ್ಳಬಹುದಿತ್ತು. ಕಾನೂನಿನ ಪ್ರಕಾರ, ಇವನು ಸರಿಯಿಲ್ಲ ಎನಿಸಿದರೆ ಬಿಟ್ಟು ಹೋಗಬಹುದಿತ್ತು. ಬೆಂಬಲಿಗರಿಲ್ಲದ ಮುಖಂಡ ಮುಖಂಡನೇ ಅಲ್ಲ. ಅದರಿಂದ ರೈತರನ್ನು ಉಳಿಸಿಕೊಳ್ಳುವ ಗರಜು ಅವನಿಗಿತ್ತು.

ಊರಿನ ಮಟ್ಟದಲ್ಲಿ ಹ್ರೆಪ್ಪುರ್ ಎಂಬ ಇನ್ನೊಂದು ಕಟ್ಟಿತ್ತು. ಕನಿಷ್ಠ 20 ರೈತ ಮನೆಗಳು ಒಂದು ಹ್ರೆಪ್ಪುರ್. ಬಡವರ ಊಟ, ಬೆಟ್ಟದ ಹುಲ್ಲುಗಾವಲಿಗೆ ಕುರಿ ಅಟ್ಟುವ ಪಾಳಿ ಅದರ ಕೆಲಸ. ಮನೆ ಸುಟ್ಟರೆ ಉಳಿದವರು ಪರಿಹಾರ ಕಟ್ಟಿಕೊಡುತ್ತಿದ್ದರು. ರೋಗದಿಂದ ಕಾಲುಭಾಗಕ್ಕಿಂತ ಹೆಚ್ಚು ದನಕರು ಸತ್ತರೂ ಹಾಗೆಯೇ, ನಷ್ಟದ ಅರ್ಧದಷ್ಟನ್ನು ತುಂಬಿಕೊಡುತ್ತಿದ್ದರು. ಇದೆಲ್ಲ ಮುಖಂಡರ ಹಂಗಿಲ್ಲದೆ ನಡೆಯುತ್ತಿತ್ತು.

ಇಂಥ ಸಮಾಜ ದೊಡ್ಡ ನಿರ್ಧಾರವನ್ನೂ ತೆಗೆದುಕೊಳ್ಳಬಲ್ಲದಾಗಿತ್ತು. ಕ್ರಿ.ಶ. 1000ದ ಹೊತ್ತಿಗೆ ಕ್ರೈಸ್ತರೂ ಹಳೆಯ ದೇವರುಗಳನ್ನು ನಂಬುವವರೂ ಕತ್ತಿ ಹಿರಿಯುವ ಹಂತಕ್ಕೆ ಬಂದಿದ್ದರು. ನಾರ್ವೆಯ ರಾಜ ಕೆಲವು ಐಸ್‌ಲ್ಯಾಂಡಿಗರನ್ನು ಒತ್ತೆಯಿಟ್ಟುಕೊಂಡು ಕ್ರೈಸ್ತರಾಗಿ ಎಂದು ಒತ್ತಾಯಿಸುತ್ತಿದ್ದ. ಎರಡೂ ಕಡೆಯವರು ಸೇರಿ ಕಾನೂನು ಹೇಳುವವನಾದ ಥೋರ್ಗೈರನ ಮೇಲೆ ಭಾರ ಹಾಕಿದರು. ಅವನು ಸ್ವತಃ ಹಳೆಯ ದೇವರ ಕಡೆಯವನು. ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿ, ಎದ್ದು ಬಂದು, ಎಲ್ಲರೂ ಕ್ರೈಸ್ತರಾಗಲಿ, ಮನೆಯೊಳಗೆ ಗುಟ್ಟಾಗಿ ಹಳೆಯ ಪೂಜೆ ಮಾಡುವವರು ಮಾಡಿಕೊಳ್ಳಲಿ ಎಂದ. ಒಪ್ಪಿದರು. ಜಾರಿ ಮಾಡಲು ಒಬ್ಬ ಸಿಪಾಯಿಯೂ ಇರಲಿಲ್ಲ.

ಇದನ್ನು ಸುವರ್ಣಯುಗವೆಂದು ಕೊಂಡಾಡುವವರಿದ್ದಾರೆ. ನಾನು ಅವರ ಜೊತೆ ಹೋಗಲಾರೆ. ಮೊದಲ ತಲೆಮಾರುಗಳಲ್ಲಿ ಅಲ್ಲಿ ಗುಲಾಮರಿದ್ದರು, ಅನೇಕರು ಐರ್ಲೆಂಡಿನಿಂದ ಹಿಡಿದು ತಂದವರು. ಸ್ವಂತ ಮನೆಯಿಲ್ಲದ ಕೂಲಿಯಾಳು ಯಾರದಾದರೂ ಮನೆಗೆ ಸೇರಿಕೊಂಡೇ ಇರಬೇಕಿತ್ತು, ಮುಖಂಡನನ್ನು ಆರಿಸುವ ಮಾತು ಅವನಿಗಿರಲಿಲ್ಲ. ಹೆಂಗಸರಿಗೆ ಸಭೆಯಲ್ಲಿ ದನಿಯಿರಲಿಲ್ಲ. 1100ರ ಸುಮಾರಿಗೆ ಬಿಷಪ್ ಗಿಸ್ಸುರ್ ಎಣಿಸಿದಾಗ ಸಭೆಯ ಖರ್ಚಿಗೆ ಕೊಡಬಲ್ಲ ರೈತರು ಸುಮಾರು ನಾಲ್ಕೂವರೆ ಸಾವಿರ. ಸ್ವಾತಂತ್ರ್ಯವೆಂದರೆ ಇಷ್ಟು ಮನೆಯೊಡೆಯರ ಸ್ವಾತಂತ್ರ್ಯ. ಅದು ಸಣ್ಣದಲ್ಲ, ಆ ಕಾಲದ ಯುರೋಪಿನ ಹೆಚ್ಚಿನ ರೈತರಿಗೆ ಅಷ್ಟೂ ಇರಲಿಲ್ಲ. ಎಲ್ಲರದೂ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಮತ್ತೆ ಅದು ಮುರಿದದ್ದು ಹೇಗೆ? ನಿಮ್ಮ ಮಗ ಮುಖ್ಯವಾಗಿ ಓದಬೇಕಾದ್ದು ಈ ಭಾಗ. 1097ರಲ್ಲಿ ಚರ್ಚಿಗಾಗಿ ಒಂದು ತೆರಿಗೆ ಬಂತು. ಆಸ್ತಿಯ ಮೇಲೆ ಶೇಕಡಾ 1. ಅದನ್ನು ನಾಲ್ಕು ಪಾಲು ಮಾಡಿ ಬಿಷಪ್ಪನಿಗೊಂದು, ಪಾದ್ರಿಗೊಂದು, ಚರ್ಚಿನ ಕಟ್ಟಡಕ್ಕೊಂದು, ಬಡವರಿಗೊಂದು ಎಂದು ಹಂಚಿದರು. ಚರ್ಚುಗಳಿದ್ದದ್ದು ಸಿರಿವಂತರ ಸ್ವಂತ ಜಮೀನಿನಲ್ಲಿ. ಹಾಗಾಗಿ ಪಾದ್ರಿಯ ಪಾಲೂ ಕಟ್ಟಡದ ಪಾಲೂ ಜಮೀನಿನ ಒಡೆಯನ ಕೈಗೇ ಬಂದವು. ಅಲ್ಲಿಯವರೆಗೆ ಮುಖಂಡನ ಬಲ ರೈತರ ಒಲವಿನಿಂದ ಬರುತ್ತಿತ್ತು. ಇನ್ನುಮೇಲೆ ರೈತ ಬಿಟ್ಟುಹೋದರೂ ಹಣ ತಪ್ಪುತ್ತಿರಲಿಲ್ಲ. ಹಣವಿದ್ದವರು ಮುಖಂಡತ್ವಗಳನ್ನು ಒಂದೊಂದಾಗಿ ಕೂಡಿಹಾಕಿಕೊಂಡರು. 1200 ದಾಟುವ ಹೊತ್ತಿಗೆ ಬಹುಪಾಲು ಮುಖಂಡತ್ವಗಳು ಬೆರಳೆಣಿಕೆಯ ಮನೆತನಗಳ ವಶದಲ್ಲಿದ್ದವು. ಒಂದು ಸೀಮೆಗೆಲ್ಲ ಒಬ್ಬನೇ ಒಡೆಯನಾದ ಮೇಲೆ ಇವನನ್ನು ಬಿಟ್ಟು ಅವನ ಬಳಿ ಹೋಗುತ್ತೇನೆ ಎನ್ನಲು ಆ ‘ಅವನು’ ಎಲ್ಲಿ? ಜನ ಕೆಟ್ಟರು, ಆಸೆಬುರುಕರಾದರು ಎಂದು ಕೆಲವರು ಕಾರಣ ಕೊಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆಸೆ 930ರಲ್ಲೂ ಇತ್ತು. ಆಗ ಇದ್ದು ಆಮೇಲೆ ಕಳೆದುಹೋದದ್ದು ಬಿಟ್ಟು ಹೋಗುವ ದಾರಿ.

ಮುಂದಿನ ನಲವತ್ತು ವರ್ಷ ಮನೆತನಗಳ ಕಾಳಗ. 1241ರಲ್ಲಿ ದೊಡ್ಡ ಕವಿ, ಎರಡು ಬಾರಿ ಕಾನೂನು ಹೇಳುವವನಾಗಿದ್ದ ಸ್ನೋರಿ ಸ್ಟುರ್ಲುಸನ್‌ನನ್ನು ಅವನ ಮನೆಯಲ್ಲೇ ಕೊಂದರು. 1246ರ ಹೌಗ್ಸ್‌ನೆಸ್ ಕಾಳಗದಲ್ಲಿ ಒಂದೇ ದಿನ ನೂರಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಸಣ್ಣ ದೇಶಕ್ಕೆ ಅದು ಘೋರ. ಕೊನೆಗೆ 1262ರಿಂದ 64ರೊಳಗೆ ಐಸ್‌ಲ್ಯಾಂಡಿಗರು ನಾರ್ವೆಯ ರಾಜನಿಗೆ ತೆರಿಗೆ ಕೊಡಲು ಒಪ್ಪಿದರು. ಬದಲಿಗೆ ಅವರು ಕೇಳಿದ್ದು ಶಾಂತಿ ಮತ್ತು ತಮ್ಮ ಕಾನೂನು. 330 ವರ್ಷ. ಎಷ್ಟು ಕಾಲ ಎಂಬ ನಿಮ್ಮ ಪ್ರಶ್ನೆಗೆ ನಾನು ಬಲ್ಲ ಒಳ್ಳೆಯ ಉತ್ತರ ಇದು.

ಇದಕ್ಕಿಂತ ಸರಳವಾದ ವ್ಯವಸ್ಥೆಗಳೂ ಇದ್ದವು. ಇಂದಿನ ದಕ್ಷಿಣ ಸುಡಾನಿನ ನುಯೆರ್ ಎಂಬ ದನಗಾಹಿಗಳನ್ನು 1930ರ ದಶಕದಲ್ಲಿ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ ಕಂಡಾಗ, ಅವರಲ್ಲಿ ರಾಜನೂ ಇರಲಿಲ್ಲ, ನ್ಯಾಯಾಧೀಶನೂ ಇರಲಿಲ್ಲ. ಚಿರತೆಯ ಚರ್ಮ ಹೊದ್ದವನೊಬ್ಬನಿದ್ದ. ಕೊಲೆ ಮಾಡಿದವನು ಓಡಿ ಅವನ ಮನೆ ಸೇರಿದರೆ ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವನು ಎರಡು ಕಡೆಗೂ ಓಡಾಡಿ ಪರಿಹಾರದ ದನಗಳ ಲೆಕ್ಕ ತೀರ್ಮಾನ ಮಾಡಿಸುತ್ತಿದ್ದ. ಆಜ್ಞೆ ಮಾಡುವ ಶಕ್ತಿ ಅವನಿಗೂ ಇರಲಿಲ್ಲ. ಎರಡು ಕಡೆಯವರಿಗೂ ಕಾದಾಟ ದುಬಾರಿ ಎನಿಸಿದಾಗ ಮಾತ್ರ ಅವನ ಮಾತು ನಡೆಯುತ್ತಿತ್ತು. ಹತ್ತಿರದ ಹಳ್ಳಿಗಳ ನಡುವೆ ಅದು ಬೇಗ ಅನ್ನಿಸುತ್ತಿತ್ತು. ದೂರದವರ ನಡುವೆ ಹಗೆ ಆರುತ್ತಲೇ ಇರಲಿಲ್ಲ.

ಇದೆಲ್ಲ ಹಳೆಯ ಕಾಲ, ಈಗಿನ ಮಾತು ಹೇಳಿ ಎಂದು ನಿಮ್ಮ ಮಗ ಕೇಳುತ್ತಾನೆ. ಈಗಿನದೆಂದರೆ ಸೊಮಾಲಿಯಾ. 1991ರ ಜನವರಿಯಲ್ಲಿ ಅಲ್ಲಿನ ಸರ್ವಾಧಿಕಾರಿ ಸಿಯಾದ್ ಬರ್ರೆ ರಾಜಧಾನಿ ಬಿಟ್ಟು ಓಡಿದ ಮೇಲೆ ಎರಡು ದಶಕ ಅಲ್ಲಿ ನೆಟ್ಟಗಿನ ಕೇಂದ್ರ ಸರ್ಕಾರವಿರಲಿಲ್ಲ. ಅವನ ಸರ್ಕಾರ ಹೇಗಿತ್ತೆಂದರೆ, 1988ರಲ್ಲಿ ತನ್ನದೇ ನಗರವಾದ ಹರ್ಗೇಸಾದ ಮೇಲೆ ಯುದ್ಧವಿಮಾನಗಳಿಂದ ಬಾಂಬು ಸುರಿಸಿತ್ತು. ಆ ಊರಿನ ಜನಕ್ಕೆ ಸರ್ಕಾರ ಬಿದ್ದದ್ದು ಬಿಡುಗಡೆಯೇ. ಸರ್ಕಾರವಿಲ್ಲದ ಭಯವನ್ನು ಮಾತ್ರ ಹೇಳಿ ಸರ್ಕಾರವೇ ಕೊಲ್ಲುವ ಭಯವನ್ನು ಹೇಳದವನ ಮಾತನ್ನು ಪೂರ್ತಿ ನಂಬಬೇಡಿ.

ಸರ್ಕಾರ ಬಿದ್ದ ಮೇಲೂ ಅಲ್ಲಿ ಬದುಕು ನಿಲ್ಲಲಿಲ್ಲ. ಖಾಸಗಿ ಫೋನ್ ಕಂಪನಿಗಳು ಹುಟ್ಟಿ ಅಗ್ಗದ ದರದಲ್ಲಿ ಕರೆ ಸಿಗುವಂತಾಯಿತು. ಹೊರದೇಶದಲ್ಲಿ ದುಡಿಯುವವರ ಹಣ ಹವಾಲಾ ಮೂಲಕ ಮನೆ ತಲುಪಿತು. ಕೇಂದ್ರ ಬ್ಯಾಂಕ್ ಮುಚ್ಚಿದರೂ ಹಳೆಯ ಶಿಲ್ಲಿಂಗ್ ನೋಟು ಸಂತೆಯಲ್ಲಿ ಚಲಾವಣೆಯಾಗುತ್ತಲೇ ಇತ್ತು. ಕೊಲೆ ಕಳವಿನ ವ್ಯಾಜ್ಯಗಳನ್ನು ಹೇರ್ ಎಂಬ ಕುಲಗಳ ಕಟ್ಟಳೆ ತೀರಿಸುತ್ತಿತ್ತು. ಗಂಡಸಿನ ಜೀವಕ್ಕೆ ನೂರು ಒಂಟೆ, ಹೆಂಗಸಿನ ಜೀವಕ್ಕೆ ಐವತ್ತು. ಕೊಡುವುದು ಕೊಂದವನೊಬ್ಬನೇ ಅಲ್ಲ, ಅವನ ಇಡೀ ಬಳಗ. ಹಾಗಾಗಿ ಬಳಗವೇ ತನ್ನ ಪುಂಡರನ್ನು ಹದ್ದಿನಲ್ಲಿಡುತ್ತಿತ್ತು.

ಆದರೆ ಬಳಗವಿಲ್ಲದವರು? ಜುಬ್ಬಾ, ಶಬೆಲ್ಲೆ ನದಿಗಳ ದಂಡೆಯಲ್ಲಿ ಬಂಟು ಜನ ಬೇಸಾಯ ಮಾಡಿಕೊಂಡಿದ್ದರು. ಅವರಲ್ಲಿ ಬಹುಮಂದಿ ಹಿಂದೆ ಗುಲಾಮರಾಗಿ ತರಲ್ಪಟ್ಟವರ ಸಂತತಿ. ದೊಡ್ಡ ಕುಲಗಳಲ್ಲಿ ಅವರಿಗೆ ಜಾಗವಿರಲಿಲ್ಲ, ಬಂದೂಕುಗಳೂ ಇರಲಿಲ್ಲ. 1991-92ರಲ್ಲಿ ಸೇನಾಮುಖಂಡರ ಪಡೆಗಳು ಅವರ ಕಣಜಗಳನ್ನು ಮತ್ತೆ ಮತ್ತೆ ದೋಚಿದವು, ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು, ಬರಗಾಲದಲ್ಲಿ ಅವರು ಗುಂಪುಗುಂಪಾಗಿ ಸತ್ತರು. ಆಹಾರ ಬೆಳೆಯುವವರೇ ಹಸಿವಿನಿಂದ ಸತ್ತರು. ಅವರ ಪರ ನೂರು ಒಂಟೆ ಕೇಳುವವರು ಯಾರೂ ಇರಲಿಲ್ಲ. ಐಸ್‌ಲ್ಯಾಂಡಿನ ಸಣ್ಣ ರೈತನಿಗಿದ್ದ, ದಾವೆಯನ್ನು ಬಲವಂತನಿಗೆ ವಹಿಸುವ ದಾರಿ ಕೂಡ ಅವರಿಗೆ ಇರಲಿಲ್ಲ. ಸೊಮಾಲಿಯಾದ ಫೋನ್ ದರದ ಬಗ್ಗೆ ಬರೆಯುವವರು ಈ ಜನರ ಬಗ್ಗೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದಾಗ ನನಗೆ ಸಿಟ್ಟು ಬರುತ್ತದೆ.

ಕಾರ್ಮಿಕರೇ ಎಲ್ಲವನ್ನೂ ನಡೆಸುವ, ಒಡೆಯರೇ ಇಲ್ಲದ ಸಮಾಜದ ಕನಸು ನಿಮ್ಮ ಮಗನದಾಗಿದ್ದರೆ ಅವನು ಸ್ಪೇನನ್ನು ನೋಡಲಿ. 1936ರ ಜುಲೈನಲ್ಲಿ ಗಣರಾಜ್ಯ ಸರ್ಕಾರದ ವಿರುದ್ಧ ಎದ್ದ ಸೇನಾದಂಗೆಯನ್ನು ಬೀದಿಯಲ್ಲಿ ಹಿಮ್ಮೆಟ್ಟಿಸಿದ ಬಾರ್ಸಿಲೋನಾದ ಕಾರ್ಮಿಕರು ಟ್ರಾಮು, ಕಾರ್ಖಾನೆ, ಹೋಟೆಲುಗಳನ್ನು ತಾವೇ ನಡೆಸಿದರು. ಆರಗಾನ್ ಪ್ರಾಂತ್ಯದ ಹಳ್ಳಿಗಳಲ್ಲಿ ಜಮೀನನ್ನು ಒಟ್ಟುಗೂಡಿಸಿ ಉತ್ತರು. ಆದರೆ ಯುದ್ಧ ನಡೆಸಲು ಆಯುಧ ಬೇಕು, ಆಯುಧವಿದ್ದದ್ದು ಸರ್ಕಾರದ ಬಳಿ. ಅದೇ ನವೆಂಬರಿನಲ್ಲಿ, ಸರ್ಕಾರವೇ ಇರಬಾರದು ಎನ್ನುತ್ತಿದ್ದ ಆ ಕಾರ್ಮಿಕರ ಸಂಘಟನೆಯ ನಾಲ್ವರು ಅದೇ ಸರ್ಕಾರದಲ್ಲಿ ಮಂತ್ರಿಗಳಾದರು. ಮರುವರ್ಷದ ಆಗಸ್ಟಿನಲ್ಲಿ, ಆ ಹಳ್ಳಿಗಳ ಆಡಳಿತ ನೋಡಿಕೊಳ್ಳುತ್ತಿದ್ದ ಆರಗಾನಿನ ಮಂಡಳಿಯನ್ನು ಗಣರಾಜ್ಯದ ಸೈನ್ಯವೇ ವಿಸರ್ಜಿಸಿತು. ಶತ್ರುವಿನ ಸೈನ್ಯ ಬಾಗಿಲಲ್ಲಿರುವಾಗ ಇಂಥ ಸಮಾಜ ಉಳಿದದ್ದನ್ನು ನಾನು ಕಂಡಿಲ್ಲ. ಐಸ್‌ಲ್ಯಾಂಡನ್ನು ಕಾಪಾಡಿದ್ದರಲ್ಲಿ ಅರ್ಧ ಪಾಲು ಸುತ್ತಲಿನ ಸಮುದ್ರದ್ದು.

ನಮ್ಮ ಹಳ್ಳಿಗಳಲ್ಲೂ ಸರ್ಕಾರದ ಕೈ ತಲುಪದ ಕೆಲಸಗಳು ಶತಮಾನಗಳ ಕಾಲ ನಡೆದಿವೆ. ಬಯಲುಸೀಮೆಯ ಕೆರೆಗಳನ್ನೇ ನೋಡಿ. ತೂಬು ಎತ್ತುವುದು, ಅಚ್ಚುಕಟ್ಟಿನ ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ಹಂಚುವುದು ನೀರುಗಂಟಿಯ ಕೆಲಸ. ಮಳೆ ಕಡಿಮೆಯಾದ ವರ್ಷ ಎಲ್ಲರ ಗದ್ದೆಗೂ ಒಂದೊಂದು ಪಾಲು ಮಾತ್ರ ನೀರು ಎಂದು ಊರು ತೀರ್ಮಾನಿಸಿದರೆ ಗೌಡನ ಗದ್ದೆಗೂ ಅಷ್ಟೇ. ಸುಗ್ಗಿಯಲ್ಲಿ ನೀರುಗಂಟಿಗೆ ಕಾಳಿನ ಪಾಲು. ಇಂಥ ವ್ಯವಸ್ಥೆಗಳು ಜಗತ್ತಿನಾದ್ಯಂತ ಹೇಗೆ ಬಾಳುತ್ತವೆ ಎಂಬುದರ ಅಧ್ಯಯನಕ್ಕೆ ಎಲಿನರ್ ಓಸ್ಟ್ರೋಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಆದರೆ ಆ ನೀರುಗಂಟಿ ಹೆಚ್ಚಿನ ಊರುಗಳಲ್ಲಿ ದಲಿತ. ನೀರು ಹಂಚುವವನಿಗೆ ಅಚ್ಚುಕಟ್ಟಿನಲ್ಲಿ ಜಮೀನು ಅಪರೂಪ. ಅದೇ ಊರಿನ ಕಟ್ಟೆಯ ಮೇಲೆ ಕೂತ ಪಂಚಾಯ್ತಿ, ಜಾತಿ ಮೀರಿ ಮದುವೆಯಾದವರಿಗೆ ದಂಡ ಹಾಕುತ್ತಿತ್ತು, ಬಹಿಷ್ಕಾರ ಹಾಕುತ್ತಿತ್ತು. ಬೆಂಕಿ, ನೀರು, ಕೂಲಿ ಮೂರೂ ನಿಂತರೆ ಒಂದು ಮನೆ ಎಷ್ಟು ದಿನ ಬಾಳೀತು? ಪೊಲೀಸರಿಲ್ಲದೆ, ಸೆರೆಮನೆಯಿಲ್ಲದೆ ಇಡೀ ಊರನ್ನು ಹದ್ದಿನಲ್ಲಿಟ್ಟ ಅಧಿಕಾರ ಅದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಳ್ಳಿಗಣರಾಜ್ಯದ ಹೊಗಳಿಕೆಯನ್ನು ಅಷ್ಟು ಕಟುವಾಗಿ ತಳ್ಳಿಹಾಕಿದ್ದು ಇದನ್ನು ಬಲ್ಲವರಾದ್ದರಿಂದ. ಬಹಿಷ್ಕಾರ ಬಿದ್ದ ಮನೆಯವರು ಇವತ್ತು ತಾಲ್ಲೂಕು ಕೇಂದ್ರಕ್ಕೆ ಹೋಗಿ ದೂರು ಕೊಡಬಹುದು. ಆ ದೂರು ನಿಧಾನ, ಅಲೆದಾಟ, ಎಷ್ಟೋ ಸಲ ನಿರಾಸೆ. ನಿಮ್ಮ ಪಹಣಿಯ ಅನುಭವ ಅದನ್ನೇ ಹೇಳುತ್ತದೆ. ಆದರೂ ಊರಿನ ಹೊರಗೆ ಒಂದು ಬಾಗಿಲು ಇದೆ. ಆ ಬಾಗಿಲಿಲ್ಲದ ಕಾಲ ಎಂಥದ್ದು ಎಂದು ಬಲ್ಲವರು ಸರ್ಕಾರ ಬೇಡ ಎನ್ನುವುದನ್ನು ನಾನು ಕೇಳಿದ್ದು ಕಡಿಮೆ.

ಒಪ್ಪಂದಗಳು, ಖಾಸಗಿ ಕಾವಲು, ಮಧ್ಯಸ್ಥಿಕೆ ಇವುಗಳಿಂದಲೇ ಎಲ್ಲ ನಡೆಸಬಹುದು ಎಂಬ ವಾದ ಈಗಿನ ಹುಡುಗರಲ್ಲಿ ಹೆಚ್ಚು. ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳು ನೀರು, ಕಸ, ಕಾವಲು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ ಎಂದು ಉದಾಹರಣೆ ಕೊಡುತ್ತಾರೆ. ನೋಡಿಕೊಳ್ಳುತ್ತವೆ, ನಿಜ. ಆದರೆ ನಿರ್ವಹಣೆಯ ಹಣ ಕೊಡದವನ ಮೇಲೆ ಸಂಘದ ಮಾತು ನಡೆಯುವುದು ನೋಂದಣಿಯಾದ ಕ್ರಯಪತ್ರ ಮತ್ತು ಅದರ ಹಿಂದಿನ ಕೋರ್ಟಿನ ಬಲದಿಂದ. ಒಪ್ಪಂದ ಮುರಿದವನ ಕಾವಲುಪಡೆ ನನ್ನದಕ್ಕಿಂತ ದೊಡ್ಡದಾಗಿದ್ದರೆ ಏನು ಗತಿ? ಐಸ್‌ಲ್ಯಾಂಡಿನಲ್ಲಿ ಅದಕ್ಕೆ ಉತ್ತರ ಇದ್ದದ್ದು ಪೈಪೋಟಿಯ ಮುಖಂಡರು ಹಲವರಿದ್ದಷ್ಟು ಕಾಲ ಮಾತ್ರ. ಮುಖಂಡತ್ವಗಳು ಒಂದೇ ಕೈಗೆ ಸೇರುವುದನ್ನು ತಡೆಯುವ ಯಾವ ಉಪಾಯವೂ ಅವರ ಕಾನೂನಿನಲ್ಲಿರಲಿಲ್ಲ. ಇವತ್ತಿನ ವಾದಗಳಲ್ಲೂ ಆ ಉಪಾಯವನ್ನು ಹುಡುಕಿ ನೋಡಲಿ ನಿಮ್ಮ ಮಗ. ಸಿಕ್ಕರೆ ನನಗೂ ಬರೆಯಲಿ, ನಾನು ಮನಸ್ಸಿಟ್ಟು ಓದುತ್ತೇನೆ.

ಅವನ ಹುಡುಕಾಟಕ್ಕೆ ಇನ್ನೊಂದು ದಾರಿಯನ್ನೂ ತೋರಿಸಿ. ಬಾಂಬು ಬಿದ್ದಿದ್ದ ಅದೇ ಹರ್ಗೇಸಾದ ಸೀಮೆ 1991ರ ಮೇ ತಿಂಗಳಲ್ಲಿ ಸೊಮಾಲಿಲ್ಯಾಂಡ್ ಎಂದು ಬೇರೆಯಾಯಿತು. 1993ರಲ್ಲಿ ಬೋರಾಮಾ ಎಂಬ ಊರಿನಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿದರು. ಅವರನ್ನು ಕೂರಿಸಿದ ರಾಜನಿರಲಿಲ್ಲ, ಹೊರದೇಶದ ಸೈನ್ಯವಿರಲಿಲ್ಲ. ಖರ್ಚಿನ ದೊಡ್ಡ ಭಾಗವನ್ನು ಅವರವರ ಜನರೇ ಹೊತ್ತರು. ಸರ್ಕಾರವಿಲ್ಲದ ಜನ ಎಷ್ಟು ದೊಡ್ಡ ಕೆಲಸ ಮಾಡಬಲ್ಲರು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಅದು. ಅಷ್ಟು ದಿನ ಮಾತಾಡಿ ಅವರು ಎದ್ದದ್ದು ಒಬ್ಬ ಅಧ್ಯಕ್ಷನನ್ನು ಆರಿಸಿ, ಹಿರಿಯರದೇ ಒಂದು ಸದನವಿರುವ ಸಂಸತ್ತನ್ನು ಕಟ್ಟಿಕೊಂಡು.